ವಿವಾಹಕಾರ್ಯದಲ್ಲಿ ಕ್ರಮವೂ ಮಿತಿಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಗೃಹಸ್ಥನಿಲ್ಲ. ಎರಡೂ ಕಷ್ಟದ ಕೆಲಸಗಳೆಂಬುದಷ್ಟೇ ಅದರ ಅರ್ಥವೆಂದು ಜನರು ಸಾಮಾನ್ಯವಾಗಿ ಗ್ರಹಿಸುತ್ತಾರೆ. ಆದರೆ ಈ ಎರಡು ಕೆಲಸಗಳನ್ನು ಲೋಕವು ಮಾಡುವ ರೀತಿಯಲ್ಲಿ ದೊಡ್ಡದೊಂದು ಅಂತರವಿದೆ. ಮನೆ ಕಟ್ಟುವವನು ಮೊದಲು ನಿವೇಶನವನ್ನು ಅಳೆಯುತ್ತಾನೆ; ಕೈಯಲ್ಲಿರುವ ಹಣವನ್ನು ಎಣಿಸುತ್ತಾನೆ; ಅಸ್ತಿಭಾರವನ್ನು ಹಾಕಿಸುತ್ತಾನೆ; ಗೋಡೆ ಎದ್ದ ಮೇಲೆ ಮಾಳಿಗೆಯ ಮಾತು. ಮದುವೆ ಮಾಡುವವನಾದರೋ ಅನೇಕ ವೇಳೆ ಕಳಶದಿಂದಲೇ ಆರಂಭಿಸುತ್ತಾನೆ. ಕಲ್ಯಾಣಮಂಟಪ ಯಾವುದು, ವಾದ್ಯ ಯಾರದು, ಜವಳಿ ಎಲ್ಲಿಂದ ತರಬೇಕು, ಇವೆಲ್ಲ ವೀಳ್ಯಶಾಸ್ತ್ರದ ದಿನವೇ ನಿಶ್ಚಯವಾಗಿಬಿಡುತ್ತವೆ. ಜನ ಎಷ್ಟು, ಹಣ ಎಷ್ಟು, ಅದು ಎಲ್ಲಿಂದ ಬರಬೇಕು ಎಂಬ ಮಾತು ಮಾತ್ರ ಲಗ್ನಕ್ಕೆ ಹದಿನೈದು ದಿನ ಉಳಿದಿರುವಾಗ ಒಳಗಣ ಕೋಣೆಯಲ್ಲಿ ಮೆಲುದನಿಯಲ್ಲಿ ಹುಟ್ಟುತ್ತದೆ. ಸಾಲದ ಪತ್ರಗಳಲ್ಲಿ ಬಹುಪಾಲು ಆ ಮೆಲುದನಿಯ ಫಲಗಳೇ.

12ನೆಯ ಶತಮಾನದ ಶಿವಶರಣರು ಸಂಸಾರವನ್ನು ಬಿಟ್ಟು ಹೋಗಬೇಕೆಂದು ಭಕ್ತರಿಗೆ ಬೋಧಿಸಿದವರಲ್ಲ. ಮೇದರ ಕೇತಯ್ಯ ಬುಟ್ಟಿ ಹೆಣೆಯುತ್ತಲೇ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಲೇ ಶರಣರಾದರು. ಅವರಲ್ಲಿ ಬಹುಮಂದಿ ಸತಿಪತಿಗಳಾಗಿದ್ದು ಭಕ್ತಿಯನ್ನು ಸಾಧಿಸಿದವರು. ಆದುದರಿಂದ ಲಿಂಗವಂತನಿಗೆ ವಿವಾಹವು ಧರ್ಮದ ಹೊರಗಣ ಲೌಕಿಕ ವ್ಯವಹಾರವಲ್ಲ. ಗುರುಲಿಂಗಜಂಗಮರ ಸನ್ನಿಧಿಯಲ್ಲಿ, ಇಷ್ಟಲಿಂಗವನ್ನು ಧರಿಸಿದ ಇಬ್ಬರು ಒಂದೇ ಭಕ್ತಿಯ ಬಾಳಿಗೆ ಕೈಗೂಡಿಸುವ ಸಂದರ್ಭವದು. ಹಾಗಿರುವಾಗ ಅದರ ಸಿದ್ಧತೆಯೂ ಕಾಯಕವೇ ಆಗಿರತಕ್ಕದ್ದು. ಕಾಯಕವೆಂದರೆ ಶುದ್ಧವಾದ ಗಳಿಕೆಯಿಂದ, ಹೊತ್ತಿಗೆ ಸರಿಯಾಗಿ, ಮನಸ್ಸಿಟ್ಟು ನಡೆಯುವ ಕೆಲಸ. ಮದುವೆಯ ಮನೆಯಲ್ಲಿ ಮೊದಲು ತಪ್ಪಿಹೋಗುವುವು ಈ ಮೂರೇ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗಕ್ಕೆ ಪ್ರತ್ಯೇಕವಾದ ಸ್ಥಾನವೇ ಉಂಟು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರಿನ ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಕರುಣೆಯಿಂದಲೋ ಪರೀಕ್ಷೆಗಾಗಿಯೋ ಅಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನು ಅದನ್ನು ನೋಡಿ ಹಿಗ್ಗಲಿಲ್ಲ. ಇದು ನಮ್ಮ ಎಂದಿನ ಅಕ್ಕಿಯಲ್ಲ, ಶರಣನಿಗೆ ಈ ಆಶೆ ಸಲ್ಲದು, ತಂದ ಠಾವಿನಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಮರಳಿ ಕಳುಹಿಸಿದಳು.

ಈ ಕಥೆಯನ್ನು ಹೇಳುವವರೆಲ್ಲರೂ ಆ ತಾಯಿಯ ನಿರಾಶೆಯನ್ನು ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ಅದರ ಹಿಂದೆ ಇನ್ನೊಂದು ವಿಷಯವಿದೆ. ಅದನ್ನು ಗಮನಿಸುವವರು ವಿರಳ. ಅಂದಿನ ಅಕ್ಕಿ ಹೆಚ್ಚೆಂಬುದು ಆಕೆಗೆ ತಿಳಿದುದು ಹೇಗೆ? ದಿನನಿತ್ಯದ ಅಳತೆ ಆಕೆಯ ಕೈಯಲ್ಲಿತ್ತು. ತನ್ನ ಮನೆಯ ದಾಸೋಹಕ್ಕೆ ಎಷ್ಟು ಬೇಕು, ಮಾರಯ್ಯನ ಕಾಯಕಕ್ಕೆ ಎಷ್ಟು ದೊರೆಯುತ್ತದೆ ಎಂಬ ಎರಡು ಲೆಕ್ಕಗಳೂ ಆಕೆಗೆ ಗೊತ್ತಿದ್ದವು. ಅಳತೆಯನ್ನೇ ಅರಿಯದವರಿಗೆ ಹೆಚ್ಚುಕಡಿಮೆಗಳ ಅರಿವೆಲ್ಲಿಯದು? ನಿರಾಶೆಯೆಂಬುದು ಬಾಯಲ್ಲಿ ಆಡುವ ವೈರಾಗ್ಯವಲ್ಲ. ಸೇರು ಪಾವುಗಳ ಲೆಕ್ಕವನ್ನು ಬಲ್ಲವರಿಗೆ ಮಾತ್ರ ಅದು ಸಾಧ್ಯವಾಗುವಂಥದು. ಆ ಅಳತೆಯ ಅಕ್ಕಿಯಿಂದಲೇ ಲಕ್ಕಮ್ಮನು ಅಸಂಖ್ಯಾತ ಜಂಗಮರಿಗೆ ಉಣಬಡಿಸಿದಳೆಂದು ಪರಂಪರೆಯು ಹೇಳುತ್ತದೆ. ಅದನ್ನು ಪವಾಡವೆಂದು ನಂಬುವವರು ನಂಬಲಿ. ಅಳತೆಯನ್ನು ಬಲ್ಲ ಗೃಹಿಣಿಯ ಕೈಯಲ್ಲಿ ಇದ್ದುದು ಸಾಲುತ್ತದೆಂಬುದನ್ನು ಪ್ರತಿ ಮನೆಯಲ್ಲಿಯೂ ಕಣ್ಣಾರೆ ಕಾಣಬಹುದು.

ಇಂದಿನ ಮದುವೆಯ ಮನೆಯಲ್ಲಿ ಲಕ್ಕಮ್ಮನ ಸ್ಥಾನವೆಲ್ಲಿ? ಗಂಡಸರು ಪಡಸಾಲೆಯಲ್ಲಿ ಕುಳಿತು ನಿರ್ಣಯಗಳನ್ನು ಮಾಡುತ್ತಾರೆ. ನಾಲ್ಕು ಮದುವೆಗಳ ಉಗ್ರಾಣವನ್ನು ನೋಡಿಕೊಂಡ ಅಜ್ಜಿಯನ್ನು ಕೊನೆಗೆ, ಹೋಳಿಗೆಗೆ ಬೇಳೆ ಎಷ್ಟು ನೆನೆಹಾಕಬೇಕೆಂದು ಕೇಳುವುದಕ್ಕೆ ಮಾತ್ರ ಕರೆಯುತ್ತಾರೆ. ಮದುಮಗಳನ್ನಂತೂ ಕೇಳುವವರೇ ಇಲ್ಲ. ‘ಅಪ್ಪಾ, ನನ್ನ ಮದುವೆಗಾಗಿ ಹೊಲ ಬರೆದುಕೊಡಬೇಡಿರಿ’ ಎಂಬ ಮಾತು ಎಷ್ಟೋ ಹೆಣ್ಣುಮಕ್ಕಳ ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತುಹೋಗುತ್ತದೆ. ಆ ಮಾತನ್ನು ಆಡುವ ಅವಕಾಶವನ್ನು ತಂದೆಯಾದವನೇ ಮಾಡಿಕೊಡಬೇಕು. ನಿಶ್ಚಯವಾದ ವಾರದೊಳಗೆ ಮನೆಯವರೆಲ್ಲರೂ, ಸೊಸೆಯಂದಿರೂ ಮದುಮಗಳೂ ಸೇರಿ, ಲಿಂಗಪೂಜೆಯಾದ ಮೇಲೆ ಒಂದೆಡೆ ಕುಳಿತು ಮಾತನಾಡುವುದು ವಿವಾಹಕಾರ್ಯದ ನಿಜವಾದ ಆರಂಭ. ಅಂದು ಒಂದು ದಪ್ಪ ಪುಸ್ತಕವನ್ನು ತಂದು ಮೊದಲ ಹಾಳೆಯಲ್ಲಿ ಶ್ರೀಗುರುವನ್ನು ನೆನೆದು ಬರೆಯಲಾರಂಭಿಸಬೇಕು. ಮುಂದಿನ ಪ್ರತಿಯೊಂದು ಮಾತೂ, ಪ್ರತಿಯೊಂದು ರೂಪಾಯಿಯೂ ಅದೇ ಪುಸ್ತಕದಲ್ಲಿ ಬರತಕ್ಕದ್ದು. ಚೀಟಿಗಳಲ್ಲಿ ಬರೆದುದು ಅಂಗಿಯ ಜೇಬಿನೊಡನೆ ಅಗಸನ ಮನೆಗೆ ಹೋಗುತ್ತದೆ. ಕೈಯೊಳಗಿನ ದೂರವಾಣಿಯಲ್ಲಿ ಬರೆದಿಟ್ಟುದು ಅದರ ಒಡೆಯನು ಮಂಡಿಪೇಟೆಗೆ ಹೋದಾಗ ಅವನ ಸಂಗಡವೇ ಹೋಗುತ್ತದೆ.

ಪುಸ್ತಕದಲ್ಲಿ ಮೊದಲು ಬರೆಯತಕ್ಕದ್ದು ಹಣ. ಕೂಡಿಟ್ಟದ್ದು ಎಷ್ಟು, ಸುಗ್ಗಿಯಲ್ಲಿ ಬರಬಹುದಾದುದು ಎಷ್ಟು, ಮನೆಯ ಮುಂದಿನ ವರ್ಷದ ಬೀಜ ಗೊಬ್ಬರಕ್ಕೂ ಮಕ್ಕಳ ಓದಿಗೂ ತೆಗೆದಿಡಬೇಕಾದುದು ಎಷ್ಟು. ಉಳಿದುದೇ ಮದುವೆಯ ಹಣ. ಅದರಲ್ಲಿಯೂ ಹತ್ತರಲ್ಲಿ ಒಂದು ಪಾಲನ್ನು ಮುಟ್ಟದೆ ಬದಿಗಿರಿಸಬೇಕು, ಏಕೆಂದರೆ ಎಣಿಸದ ಖರ್ಚು ಬಾರದ ಮದುವೆ ಲೋಕದಲ್ಲಿಲ್ಲ. ಎರಡನೆಯದು ಜನ. ಕರೆಯತಕ್ಕವರಲ್ಲಿ ಮೂರು ಬಗೆಯವರುಂಟು: ಬಾರದಿದ್ದರೆ ಮನಸ್ಸು ತುಂಬದವರು, ಬಂದರೆ ಸಂತೋಷವಾಗುವವರು, ಕರೆಯದಿದ್ದರೆ ಮಾತು ಬರುವುದೆಂದು ಕರೆಯಲ್ಪಡುವವರು. ಮೂರನ್ನೂ ಬೇರೆಬೇರೆ ಹಾಳೆಗಳಲ್ಲಿ ಬರೆದು ನೋಡಿದರೆ ಮೂರನೆಯ ಹಾಳೆಯೇ ಉದ್ದವಾಗಿರುವುದು ಕಂಡುಬರುತ್ತದೆ. ಸಾಲ ಹುಟ್ಟುವುದು ಆ ಹಾಳೆಯಲ್ಲಿ.

ಒಂದು ಮನೆಯವರು ಆರುನೂರು ಜನರನ್ನು ಎಣಿಸಿಕೊಂಡರೆಂದು ಇಟ್ಟುಕೊಳ್ಳಬಹುದು. ಒಂದು ಕಿಲೋ ಅಕ್ಕಿಗೆ ಎಂಟರಿಂದ ಹತ್ತು ಜನರ ಊಟವೆಂಬುದು ಅಡಿಗೆಯವರ ಸಾಮಾನ್ಯ ಲೆಕ್ಕ. ಹುಗ್ಗಿ, ಹೋಳಿಗೆಗಳಿದ್ದರೆ ಅನ್ನ ಇನ್ನೂ ಕಡಿಮೆ ಸಾಕಾಗುತ್ತದೆ. ಅಂದರೆ ಒಂದು ಹೊತ್ತಿನ ಊಟಕ್ಕೆ 60ರಿಂದ 75 ಕಿಲೋ ಅಕ್ಕಿ. ಜನವನ್ನು ಎಣಿಸದ ಮನೆಯಲ್ಲಿ ‘ಇರಲಿ’ ಎಂದು ಎರಡು ಕ್ವಿಂಟಾಲು ತರಿಸುತ್ತಾರೆ. ‘ಕಡಿಮೆಯಾಗದಿರಲಿ’ ಎಂದು ಅಡಿಗೆಯವನು ಅರ್ಧ ಕ್ವಿಂಟಾಲು ಹೆಚ್ಚಿಗೆ ಬೇಯಿಸುತ್ತಾನೆ. ಸಂಜೆಗೆ ಮಂಟಪದ ಹಿಂದೆ ದನಗಳೂ ಮುಟ್ಟದಷ್ಟು ಅನ್ನ ರಾಶಿ ಬೀಳುತ್ತದೆ. ಅನ್ನವನ್ನು ಪ್ರಸಾದವೆಂದು ಕೈಯಲ್ಲಿ ಹಿಡಿದು ಉಣ್ಣುವ, ಎಲೆಯಲ್ಲಿ ಅಗುಳನ್ನೂ ಬಿಡಲು ಅಂಜುವ ಸಮಾಜದ ಮದುವೆಯಲ್ಲಿ ನಡೆಯತಕ್ಕ ದೃಶ್ಯವೇ ಇದು? ಅಷ್ಟು ಅನ್ನ ಚೆಲ್ಲಿದ್ದಕ್ಕೆ ಅಡಿಗೆಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಜನರ ಲೆಕ್ಕವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಹಣವೂ ಜನವೂ ನಿಂತ ಮೇಲೆ ಸ್ಥಳ. ಸ್ಥಳ ನಿಂತ ಮೇಲೆ ದಿನ. ದಿನದ ವಿಷಯದಲ್ಲಿ ಒಂದು ಮಾತು. ರಾಶಿಕೂಟ, ತಿಥಿವಾರಗಳಿಗೆ ಅಂಜಿ ನಡೆಯುವುದನ್ನು ಬಸವಾದಿ ಶರಣರು ಒಪ್ಪಿದವರಲ್ಲ. ಆದರೂ ಪದ್ಧತಿಯಂತೆ ವೈಶಾಖ ಜ್ಯೇಷ್ಠಗಳ ಕೆಲವೇ ಮುಹೂರ್ತಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಒಂದೇ ದಿನ ಊರಿನಲ್ಲಿ ಹತ್ತು ಮದುವೆ. ಮಂಟಪಕ್ಕೆ ಎರಡರಷ್ಟು ಬಾಡಿಗೆ, ಅಡಿಗೆಯವನಿಗೆ ಬಿಡುವಿಲ್ಲ, ಕರೆದ ನೆಂಟನಿಗೆ ಯಾವ ಮನೆಗೆ ಹೋಗಬೇಕೆಂಬ ಸಂಕಟ. ಗುರುಗಳೂ ಬೀಗರೂ ಒಪ್ಪಿದ ಬೇರೊಂದು ದಿನವನ್ನು ಗೊತ್ತುಮಾಡಿದರೆ ಈ ಇಕ್ಕಟ್ಟುಗಳಲ್ಲಿ ಅರ್ಧ ತಾವಾಗಿಯೇ ಬಿಟ್ಟುಹೋಗುತ್ತವೆ. ಶರಣರ ಮಾತನ್ನು ನಂಬಿದ್ದಕ್ಕೆ ಇಷ್ಟು ಬೇಗ ನಗದು ಫಲ ದೊರೆಯುವ ಸಂದರ್ಭ ಇನ್ನೊಂದಿರಲಾರದು. ದಿನ ಗೊತ್ತಾದ ಮೇಲೆ ಕೆಲಸಗಳನ್ನು ಆ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಕರೆಯೋಲೆಗಳು ಒಂದು ತಿಂಗಳ ಮೊದಲು ಕೈಗೆ ಬಂದಿರಬೇಕಾದರೆ ಅಚ್ಚುಕೂಟಕ್ಕೆ ಎಂದು ಕೊಡಬೇಕು, ಅದರಲ್ಲಿ ಯಾರ ಹೆಸರು ಯಾವ ಸಾಲಿನಲ್ಲಿ ಬರಬೇಕೆಂಬುದನ್ನು ಎರಡೂ ಮನೆಯ ಹಿರಿಯರು ಎಂದು ಕುಳಿತು ನೋಡಬೇಕು ಎಂಬುದು ಹಾಗೆ ಎಣಿಸಿದರೆ ಮಾತ್ರ ತಿಳಿಯುತ್ತದೆ. ಹೆಸರಿನ ಸಾಲು ಹಿಂದುಮುಂದಾದುದಕ್ಕೆ ಮೂರು ತಲೆಮಾರು ಮಾತು ಬಿಟ್ಟ ಮನೆಗಳುಂಟು.

ಕೆಲಸಗಳನ್ನು ಹಂಚಿಕೊಡುವಲ್ಲಿ ಒಂದು ಕೆಲಸಕ್ಕೆ ಒಬ್ಬನೇ ಹೊಣೆಗಾರನಿರಬೇಕು. ಇಬ್ಬರಿಗೆ ಒಪ್ಪಿಸಿದ ಕೆಲಸವನ್ನು ಇಬ್ಬರೂ ಮಾಡುವುದಿಲ್ಲ. ಬಿಡದಿಯ ಮನೆಯಲ್ಲಿ ಬೀಗರಿಗೆ ಬಿಸಿನೀರು ಕಾಯಿಸುವವನು ಯಾರು, ವಯಸ್ಸಾದ ನೆಂಟರನ್ನು ಬಸ್‌ನಿಲ್ದಾಣದಿಂದ ಕರೆತರುವವನು ಯಾರು, ಎಂಬಷ್ಟು ಸಣ್ಣ ವಿಷಯಗಳೂ ಹೆಸರಿನೊಡನೆ ಪುಸ್ತಕದಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾದುದು ಉಗ್ರಾಣ. ಅದರ ಬೀಗದ ಕೈ ಒಬ್ಬರಲ್ಲಿಯೇ ಇರತಕ್ಕದ್ದು, ಸಾಧ್ಯವಾದರೆ ಆ ಮೇಲೆ ಹೇಳಿದ ಅಜ್ಜಿಯ ಸೆರಗಿನಲ್ಲಿ. ಬಸವಣ್ಣನವರನ್ನು ಲೋಕವು ಇಂದಿಗೂ ಭಂಡಾರಿ ಬಸವಣ್ಣನೆಂದು ಕರೆಯುತ್ತದೆ. ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿರುವನೆಂದು ಚಾಡಿಕೋರರು ದೂರಿದಾಗ, ಲೆಕ್ಕ ಮಾಡಿ ನೋಡಲು ಹೊನ್ನೊಂದೂ ಕಡಿಮೆಯಿರಲಿಲ್ಲವೆಂಬ ಕಥೆ ಬಸವಪುರಾಣದಲ್ಲಿದೆ. ದಾಸೋಹಕ್ಕೆ ಕೈ ಎಷ್ಟು ಧಾರಾಳವೋ ಲೆಕ್ಕಕ್ಕೆ ಅಷ್ಟೇ ಬಿಗಿ. ಮದುವೆಯ ಮನೆಯಲ್ಲಿ ಲೆಕ್ಕ ಕೇಳುವುದು ಸಣ್ಣತನವೆಂದು ಬಗೆಯುವ ಭಕ್ತನು ಇದನ್ನು ವಿಚಾರಿಸಬೇಕು. ಅಣ್ಣತಮ್ಮಂದಿರು ಕೂಡಿ ಮಾಡುವ ಮದುವೆಯಲ್ಲಂತೂ ಪ್ರತಿ ರಾತ್ರಿ ಅಂದಂದಿನ ಖರ್ಚನ್ನು ಎಲ್ಲರೆದುರು ಓದುವ ರೂಢಿ ಬಹಳ ಒಳ್ಳೆಯದು. ಮದುವೆ ಮುಗಿದ ಮೇಲೆ ಪಾಲಿಗೆ ನಿಂತ ಮನೆಗಳಲ್ಲಿ ಎಷ್ಟೋ ಕಡೆ ವ್ಯಾಜ್ಯದ ಬೀಜವು ಹೊಲಗದ್ದೆಗಳಲ್ಲಿ ಇರಲಿಲ್ಲ, ಓದದೆ ಉಳಿದ ಖರ್ಚಿನ ಚೀಟಿಯಲ್ಲಿತ್ತು.

ಇನ್ನು ವರದಕ್ಷಿಣೆಯ ವಿಷಯ. ಇದನ್ನು ಸಿದ್ಧತೆಯ ಲೆಕ್ಕದಲ್ಲಿ ಸೇರಿಸಿ ಮಾತನಾಡುವುದೇ ನಾಚಿಕೆಗೇಡು. ಆದರೂ ಎಷ್ಟೋ ಮನೆಗಳಲ್ಲಿ ಪುಸ್ತಕದ ಅತಿ ದೊಡ್ಡ ಮೊತ್ತ ಇದೇ ಆಗಿದೆ, ಅದೂ ಬರೆಯದೆ ಉಳಿದ ಮೊತ್ತ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಕೊಡುವುದು, ತೆಗೆದುಕೊಳ್ಳುವುದು, ಕೇಳುವುದು ಮೂರೂ ಅಪರಾಧ. ಕೇಳದೆಯೇ ಪ್ರೀತಿಯಿಂದ ಕೊಡುವ ಉಡುಗೊರೆಗಳಿಗೆ ಅಲ್ಲಿ ಅವಕಾಶವಿದೆ. ಆದರೆ ಅವುಗಳ ಪಟ್ಟಿಯಿರಬೇಕು. ಹೆಣ್ಣಿನ ಕಡೆಯವರು ಕೊಡುವಂಥವು ಸಂಪ್ರದಾಯಕ್ಕೆ ಒಪ್ಪುವಂತಿದ್ದು, ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿರಬಾರದು. ಇದು ಲಕ್ಕಮ್ಮನ ಅಳತೆಯೇ, ಕಾಯಿದೆಯ ಭಾಷೆಯಲ್ಲಿ. ಪಟ್ಟಿಯನ್ನು ಹೇಗೆ ಮಾಡಬೇಕೆಂಬುದನ್ನು 1985ರ ನಿಯಮಗಳು ತಿಳಿಸುತ್ತವೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನಲ್ಲಿ, ವರನಿಗೆ ಬಂದವುಗಳ ಪಟ್ಟಿ ವರನಲ್ಲಿ ಇರಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಆ ನೆಂಟತನ, ಇಷ್ಟನ್ನು ಬರೆದು ವಧೂವರರಿಬ್ಬರೂ ರುಜು ಹಾಕಬೇಕು. ಮದುವೆಯ ಹಂದರದಲ್ಲಿ ಮುಯ್ಯಿ ಬರೆಯುವವನು ಮೇಜು ಹಾಕಿಕೊಂಡು ಕುಳಿತೇ ಇರುತ್ತಾನೆ. ಅವನ ಬಳಿಯಲ್ಲಿಯೇ ಈ ಎರಡು ಪಟ್ಟಿಗಳನ್ನೂ ಇಡಿಸುವುದು ಕಷ್ಟವಲ್ಲ. ಶುಭಸಮಯದಲ್ಲಿ ಇಂಥ ಕಾಗದಗಳೇಕೆ ಎನ್ನುವ ಹಿರಿಯರಿದ್ದಾರೆ. ಹೆಣ್ಣುಮಗಳೊಬ್ಬಳು ಕಷ್ಟದಲ್ಲಿ ತವರಿಗೆ ಮರಳಿದಾಗ ತನ್ನದೆಂದು ತೋರಿಸಲು ಅವಳಲ್ಲಿ ಒಂದು ಹಾಳೆಯೂ ಇಲ್ಲದಿರುವುದನ್ನು ಕಂಡ ಹಿರಿಯರು ಹಾಗೆನ್ನುವುದಿಲ್ಲ.

ಇಷ್ಟೆಲ್ಲ ಕ್ರಮವಿದ್ದೂ ಮದುವೆಯ ದಿನ ಮುಖ್ಯವಾದುದೇ ಮರೆತುಹೋಗುವುದುಂಟು. ಕಳಶಗಳನ್ನು ಇರಿಸಿದ್ದಾಗಿದೆ, ಪಾದಪೂಜೆಗೆ ಜಂಗಮಮೂರ್ತಿಗಳು ಬಂದು ಕುಳಿತಿದ್ದಾರೆ. ಮದುಮಕ್ಕಳು ಇನ್ನೂ ಛಾಯಾಚಿತ್ರದವನ ಕೈಯಲ್ಲಿದ್ದಾರೆ. ಅವನು ಹೇಳಿದಂತೆ ತಿರುಗಿ, ನಕ್ಕು, ಮತ್ತೊಮ್ಮೆ ನಕ್ಕು ಬರುವ ಹೊತ್ತಿಗೆ ಗಂಟೆಯೊಂದು ಕಳೆದಿರುತ್ತದೆ. ಮೊದಲ ಪಂಕ್ತಿಗೆ ಎಲೆ ಹಾಕಿದ್ದಾರೆಂದು ಅಡಿಗೆಮನೆಯಿಂದ ಅವಸರ ಬರುತ್ತದೆ. ಎಲ್ಲರ ಅವಸರವೂ ಕೊನೆಗೆ ಬಂದು ಬೀಳುವುದು ಪೂಜೆಯ ಮೇಲೆ. ಗುರುಗಳು ದಂಪತಿಧರ್ಮವನ್ನು ಕುರಿತು ಹೇಳಬೇಕಾದ ನಾಲ್ಕು ಮಾತು ವಾದ್ಯದ ಗದ್ದಲದಲ್ಲಿ ಯಾರಿಗೂ ಕೇಳಿಸದೆ, ಅಕ್ಷತೆಯು ಕುರ್ಚಿಗಳ ಮೇಲಿಂದ ಎಸೆಯಲ್ಪಟ್ಟು ಮುಗಿದುಹೋಗುತ್ತದೆ. ಪುಸ್ತಕದಲ್ಲಿ ಮದುವೆಯ ದಿನದ ಗಳಿಗೆಗಳನ್ನು ಬರೆಯುವಾಗ ಮೊದಲು ಪೂಜೆಯ ಗಳಿಗೆಯನ್ನು ಬರೆದು, ಉಳಿದುದನ್ನು ಅದರ ಸುತ್ತ ಕೂಡಿಸತಕ್ಕದ್ದು. ಆ ಹೊತ್ತಿನಲ್ಲಿ ವಾದ್ಯ ನಿಲ್ಲಬೇಕೆಂದು ವಾದ್ಯದವರಿಗೂ, ದೂರ ನಿಂತು ಚಿತ್ರ ತೆಗೆಯಬೇಕೆಂದು ಚಿತ್ರದವನಿಗೂ ಮುಂಗಡ ಕೊಡುವಾಗಲೇ ಹೇಳಿಡಬೇಕು. ಹಣ ಕೊಡುವ ಹೊತ್ತಿನಲ್ಲಿ ಆಡಿದ ಮಾತು ನೆನಪಿನಲ್ಲಿ ಉಳಿಯುತ್ತದೆ.

ಕಲ್ಯಾಣದಲ್ಲಿ ಶರಣ ಹರಳಯ್ಯನ ಮಗನಿಗೂ ಶರಣ ಮಧುವರಸನ ಮಗಳಿಗೂ ಮದುವೆ ನಡೆಯಿತು. ಸಮಗಾರ ಕುಲದಲ್ಲಿ ಹುಟ್ಟಿದವನೊಬ್ಬ, ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನೊಬ್ಬ, ಲಿಂಗಧಾರಣೆಯಿಂದ ಇಬ್ಬರೂ ಸಮಾನರೆಂದು ಬೀಗರಾದರು. ಅದಕ್ಕಾಗಿ ಆ ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಯಲ್ಲಿ ಪ್ರಾಣವನ್ನೇ ತೆತ್ತರೆಂಬುದನ್ನು ಶರಣಪರಂಪರೆಯು ಎಂಟು ಶತಮಾನಗಳಿಂದ ನೆನೆಯುತ್ತಿದೆ. ಆ ಮದುವೆಯ ಹಂದರವೆಷ್ಟು ದೊಡ್ಡದಿತ್ತು, ಎಷ್ಟು ಬಗೆಯ ಭಕ್ಷ್ಯಗಳಿದ್ದವು ಎಂಬುದು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಉಳಿದುದು ಯಾರು ಯಾರನ್ನು ಏಕೆ ಒಪ್ಪಿಕೊಂಡರೆಂಬುದು.

ಕೈಯಲ್ಲಿ ಹಣವಿಲ್ಲದವನು ಸಾಲ ಮಾಡಲೇಬೇಕಾಗಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬರುತ್ತಿವೆ. ಸುತ್ತೂರಿನ ಜಾತ್ರೆಯೇ ಮೊದಲಾದ ಮಠಗಳ ಉತ್ಸವಗಳಲ್ಲಿಯೂ ಪ್ರತಿವರ್ಷ ಎಷ್ಟೋ ಜೋಡಿಗಳು ಗುರುಸನ್ನಿಧಿಯಲ್ಲಿ ಸತಿಪತಿಗಳಾಗುತ್ತಾರೆ. ಬಡವರ ಪಾಲಿಗೆ ಇದು ದೊಡ್ಡ ಉಪಕಾರವೆಂದು ಉಳ್ಳವರು ದೂರದಿಂದ ಹೊಗಳುತ್ತಾರೆ. ಉಳ್ಳವನೊಬ್ಬನು ತನ್ನ ಮಗನನ್ನೂ ಆ ಸಾಲಿನಲ್ಲಿಯೇ ನಿಲ್ಲಿಸಿದ ದಿನ, ಆ ಸಾಲಿನಲ್ಲಿ ನಿಂತ ಬಡವನ ಮಗಳು ತಲೆಯೆತ್ತಿ ನಿಂತಾಳು.

ಮದುವೆ ಮುಗಿದ ಮೇಲೆ ಕಾರ್ಯ ಮುಗಿಯಿತೆಂದು ಪುಸ್ತಕವನ್ನು ಅಟ್ಟಕ್ಕೆ ಎಸೆಯುವವರೇ ಹೆಚ್ಚು. ಅಡಿಗೆಯವರು, ಹಂದರದವರು, ಪಾತ್ರೆಯವರು, ಹೂವಿನವರು, ಇವರು ದಿನದ ದುಡಿಮೆಯ ಜನ. ಅವರ ಬಾಕಿಯನ್ನು ವಾರದೊಳಗೆ ತೀರಿಸದೆ, ಮದುಮಕ್ಕಳನ್ನು ಕರೆದುಕೊಂಡು ಯಾತ್ರೆಗೆ ಹೊರಡುವುದು ಕಾಯಕದ ಹಣವನ್ನು ತಡೆಹಿಡಿದಂತೆಯೇ ಸರಿ. ಉಗ್ರಾಣದಲ್ಲಿ ಉಳಿದ ಅಕ್ಕಿ ಬೇಳೆ ಬೆಲ್ಲಗಳನ್ನು ತೂಗಿ, ಊರಿನ ಮಠದ ದಾಸೋಹಕ್ಕೆ ಮುಟ್ಟಿಸುವುದು ಹಿಂದಿನವರ ಪದ್ಧತಿ. ವಿವಾಹದ ನೋಂದಣಿಯನ್ನೂ ಆ ತಿಂಗಳಲ್ಲಿಯೇ ಮಾಡಿಸಿಬಿಡತಕ್ಕದ್ದು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿಯೇ ಅವರನ್ನು ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿದೆ. ನೋಂದಣಿಯು ಕಡ್ಡಾಯವಾಗಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶಿಸಿತು. ಬೇಕಾದ ಕಾಗದಗಳು, ಅಂದರೆ ವಯಸ್ಸಿನ ಮತ್ತು ವಿಳಾಸದ ದಾಖಲೆಗಳು, ಲಗ್ನಪತ್ರಿಕೆ, ಮದುವೆಯ ಚಿತ್ರ, ಇವು ಆಗ ಕೈಗೆ ಸಿಗುವಂತಿರುತ್ತವೆ. ಸಾಕ್ಷಿಗಳೂ ಊರಿನಲ್ಲಿಯೇ ಇರುತ್ತಾರೆ. ಎರಡು ವರ್ಷದ ಮೇಲೆ ಹುಡುಕಿದರೆ ಒಬ್ಬ ಸಾಕ್ಷಿ ಮುಂಬಯಿಯಲ್ಲಿ, ಇನ್ನೊಬ್ಬ ಲಿಂಗೈಕ್ಯ.

ಮುಯ್ಯಿಯ ಪುಸ್ತಕವನ್ನು ಮಾತ್ರ ಬೇರೆಯಾಗಿ, ಶುದ್ಧಾಕ್ಷರದಲ್ಲಿ ನಕಲು ಮಾಡಿಸಿ ಪೆಟ್ಟಿಗೆಯಲ್ಲಿಡಬೇಕು. ಅದರಲ್ಲಿರುವುದು ಬಂದ ಹಣದ ಲೆಕ್ಕವಷ್ಟೇ ಅಲ್ಲ, ತೀರಿಸಬೇಕಾದ ಋಣದ ಲೆಕ್ಕವೂ ಹೌದು. ಐವತ್ತೊಂದು ರೂಪಾಯಿಯನ್ನು ಮಡಿಸಿದ ಕೈಯಲ್ಲಿ ಹಿಡಿದು ತಂದು ಕೊಟ್ಟ ಕೂಲಿಯವಳ ಹೆಸರೂ ಅಲ್ಲಿದೆ. ಅವಳ ಮನೆಯಲ್ಲಿ ಮದುವೆಯಾಗುವಾಗ ಕರೆಯೋಲೆ ಬಂದೀತೆಂದು ಕಾಯುವಂತಿಲ್ಲ. ಪುಸ್ತಕವನ್ನು ತೆಗೆದು ನೋಡಿ, ಹಂದರದ ಹಿಂದಿನ ದಿನವೇ ಅವಳ ಮನೆಗೆ ಹೋಗಿ, ಅಕ್ಕಿ ಎಷ್ಟು ಬೇಕಮ್ಮಾ ಎಂದು ವಿಚಾರಿಸಿ ಬರಬೇಕು.